ಎರಡು ಸಾವಿರದ ನಲ್ವತ್ತೆಂಟು ಗುಳಿ

ನಮ್ಮ ಕಡೆ ಟ್ಯೂಬ್‌ಲೈಟ್ ದಾನ ಕೊಟ್ಟರೆ ಅದರ ಮೇಲೆ ಹೆಸರು ಬರೆಸುತ್ತಾರೆ. ದಾನಿಯ ಹೆಸರು, ಮನೆಯ ಹೆಸರು, ತೀರಿಹೋದ ಅಪ್ಪನ ಹೆಸರು, ಊರು, ಕೊನೆಗೆ ‘ಮತ್ತು ಮಕ್ಕಳು’. ಕೆಂಪು ಬಣ್ಣದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಬರೆದಾಗ ಬೆಳಕು ಹೊರಗೆ ಬರಲು ಜಾಗವೇ ಉಳಿಯುವುದಿಲ್ಲ. ನಮ್ಮ ಭಜನಾ ಮಂದಿರದಲ್ಲಿ ಅಂಥ ಹದಿನಾಲ್ಕು ಲೈಟುಗಳಿವೆ. ಅಷ್ಟನ್ನೂ ಉರಿಸಿದರೂ ಪುಸ್ತಕ ನೋಡಿ ಹಾಡುವವರು ಮೊಬೈಲಿನ ಟಾರ್ಚು ಹಿಡಿದುಕೊಂಡೇ ಕೂರುತ್ತಾರೆ. ಇಂಥ ಜನರ ನಡುವೆ ನಾನು ಅರುವತ್ತಮೂರು ವರ್ಷ ಕಳೆದಿದ್ದೇನೆ, ನನ್ನ ತಾಳ್ಮೆಗೆ ಯಾರಾದರೂ ಶಾಲು ಹೊದೆಸಬೇಕು.

ನಾನು ಸಂಕಪ್ಪ. ಪಂಜ ಪೇಟೆಯಲ್ಲಿ ನನ್ನದೊಂದು ಅಂಗಡಿ. ಎಸ್ಸೆಲ್ಸಿಯಲ್ಲಿ ಎರಡು ಸಲ ಬಿದ್ದವನು, ಮೊದಲು ರೇಡಿಯೋ, ಆಮೇಲೆ ಟಿವಿ, ಆಮೇಲೆ ಪಂಪಿನ ಸ್ಟಾರ್ಟರ್ ರಿಪೇರಿ ಮಾಡಿಕೊಂಡು ಬಂದೆ. ಈಗ ಹತ್ತು ಹನ್ನೆರಡು ವರ್ಷದಿಂದ ಸ್ಟಾರ್ಟರಿನೊಳಗೆ ಚಿಪ್ ಕೂರಿಸಿ ಅದಕ್ಕೆ ಪ್ರೋಗ್ರಾಂ ಬರೆಯುತ್ತೇನೆ. ಯಾರೂ ಕಲಿಸಿದ್ದಲ್ಲ. ಸುಳ್ಯದಲ್ಲಿ ಇಂಜಿನಿಯರಿಂಗ್ ಓದಿ ಗೋಡೆಗೆ ಫೋಟೋ ಹಾಕಿಸಿಕೊಂಡವರು ನನ್ನ ಅಂಗಡಿಗೆ ಬಂದು, ‘ಇದು ಯಾಕೆ ಹ್ಯಾಂಗ್ ಆಗುದು?’ ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಹೇಳುವ ಮೊದಲು ಸ್ವಲ್ಪ ಬೈಯುತ್ತೇನೆ.

ಅವರಿಗೆ ಅರ್ಥವಾಗದ್ದು ಒಂದೇ ವಿಷಯ. ನಾವು ಬಳಸುವ ಸಣ್ಣ ಚಿಪ್ಪಿನಲ್ಲಿ ಎರಡು ಜಾಗ ಇದೆ. ಒಂದು ಅಟ್ಟ. ಅಲ್ಲಿ ಮೂವತ್ತೆರಡು ಸಾವಿರ ಅಕ್ಷರದಷ್ಟು ಸಾಮಾನು ಹಿಡಿಯುತ್ತದೆ, ಒಮ್ಮೆ ಇಟ್ಟರೆ ಕರೆಂಟು ಹೋದರೂ ಅಲ್ಲೇ ಇರುತ್ತದೆ, ಆದರೆ ಕೆಲಸದ ನಡುವೆ ಅದನ್ನು ಬದಲಿಸುವಂತಿಲ್ಲ. ಇನ್ನೊಂದು ಕೆಳಗಿನ ಕೆಲಸದ ಜಾಗ. ಅದು ಅಳಗುಳಿ ಆಡುವ ಚೆನ್ನೆಮಣೆಯ ಹಾಗೆ, ಬರೀ ಗುಳಿಗಳು. ಒಟ್ಟು ಎರಡು ಸಾವಿರದ ನಲ್ವತ್ತೆಂಟು ಗುಳಿ, ಒಂದು ಗುಳಿಗೆ ಒಂದೇ ಕಾಯಿ. ಚಿಪ್ಪಿನ ಎಲ್ಲ ಲೆಕ್ಕ, ಎಲ್ಲ ಯೋಚನೆ ಆ ಗುಳಿಗಳಲ್ಲೇ ನಡೆಯಬೇಕು. ಅದು ತುಂಬಿತೆಂದರೆ ಚಿಪ್ಪು ಯಾರಿಗೂ ಹೇಳುವುದಿಲ್ಲ, ಒಂದು ಕಾಯಿಯ ಮೇಲೆ ಇನ್ನೊಂದನ್ನು ಹಾಕಿ ತಲೆ ಕೆಟ್ಟು ನಿಲ್ಲುತ್ತದೆ. ಮೊಬೈಲಿನಲ್ಲಿ ಸಾವಿರ ಮದುವೆ ಫೋಟೋ ತುಂಬಿಸಿಕೊಂಡು ಬೆಳೆದ ಮಕ್ಕಳಿಗೆ ಇದು ತಲೆಗೆ ಹತ್ತುವುದಿಲ್ಲ.

ಈಗ ಸೇತುವೆಯ ವಿಷಯಕ್ಕೆ ಬರುತ್ತೇನೆ. ಪಂಜದಿಂದ ಕಡಬದ ಕಡೆಗೆ ಹೋಗುವ ಒಳದಾರಿಯಲ್ಲಿ ಪಿಲಿಕಜೆ ಹೊಳೆಗೆ ಒಂದು ಮುಳುಗು ಸೇತುವೆ ಇದೆ. ಎತ್ತರವೂ ಇಲ್ಲ, ಬದಿಗೆ ತಡೆಯೂ ಇಲ್ಲ. ಘಟ್ಟದ ಮೇಲೆ ಜೋರು ಮಳೆ ಬಿದ್ದರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ನೀರು ಇಳಿದು ಬಂದು ಸೇತುವೆಯನ್ನು ಮುಚ್ಚುತ್ತದೆ. ಅದರ ಮೇಲೆ ದಿನಕ್ಕೆ ಎರಡು ಸಲ ಮಮ್ಮುವಿನ ಜೀಪು ಹನ್ನೊಂದು ಶಾಲೆಮಕ್ಕಳನ್ನು ತುಂಬಿಕೊಂಡು ದಾಟುತ್ತದೆ. ಆ ಹನ್ನೊಂದರಲ್ಲಿ ಒಬ್ಬಳು ನನ್ನ ಮೊಮ್ಮಗಳು ತನ್ಮಯೀ, ಎರಡನೇ ಕ್ಲಾಸು. ಹಾಗಾಗಿ ಸೇತುವೆಗೆ ಒಂದು ಎಚ್ಚರಿಕೆಯ ಯಂತ್ರ ಬೇಕು ಎಂದು ಊರಲ್ಲಿ ಸಮಿತಿ ಆದಾಗ ನಾನು ಕೂಡ ಹೂಂ ಎಂದೆ. ನೀರು ಏರಿದರೆ ಮಮ್ಮುವಿನ ಫೋನಿಗೆ ಸಂದೇಶ ಹೋಗಬೇಕು, ಕೂಡಲೇ ಸೈರನ್ ಕೂಗಬೇಕು. ಅಷ್ಟೇ ಕೆಲಸ.

ಅಷ್ಟೇ ಕೆಲಸ ಎಂದರೆ ನಮ್ಮವರಿಗೆ ಸಮಾಧಾನವಾಗುತ್ತದೆಯೇ? ಸಮಿತಿಯ ಅಧ್ಯಕ್ಷ ಜತ್ತಪ್ಪ. ರಬ್ಬರ್ ವ್ಯಾಪಾರಿ, ಮೈಕ್ ಕಂಡರೆ ಬಿಡುವವನಲ್ಲ. ಕಂಬದ ಮೇಲೆ ಅಕ್ಷರ ಮಿನುಗುವ ಬೋರ್ಡು ಬೇಕು, ಅದರಲ್ಲಿ ಒಂಬತ್ತು ದಾನಿಗಳ ಹೆಸರು ಬರಬೇಕು ಎಂದ. ಬರಲಿ ಎಂದಾಗ ಮುಂದಿನ ಜಗಳ ಹುಟ್ಟಿತು, ಮೊದಲ ಹೆಸರು ಯಾರದ್ದು? ಇದರ ಮೇಲೆ ಮೂರು ಮೀಟಿಂಗ್ ಆಯಿತು. ಕೊನೆಗೆ ಯಾರೂ ಯಾವಾಗಲೂ ಮೊದಲಲ್ಲ, ಪ್ರತಿ ಗಂಟೆಗೆ ಹೆಸರುಗಳ ಸಾಲು ಬದಲಾಗಬೇಕು ಎಂದು ತೀರ್ಮಾನವಾಯಿತು. ನೀರು ಎಷ್ಟು ಏರಿದರೆ ಸೈರನ್ ಕೂಗಬೇಕು ಎಂಬುದು ಮಾತ್ರ ಒಂದು ಮೀಟಿಂಗಿನಲ್ಲೂ ಬರಲಿಲ್ಲ.

ಪ್ರೋಗ್ರಾಂ ಬರೆಯುವ ಕೆಲಸವನ್ನು ನನಗೆ ಕೊಡಲಿಲ್ಲ. ನನ್ನ ಬಾಯಿ ಸರಿ ಇಲ್ಲವಂತೆ. ಸೇತುವೆಯ ಆಚೆ ಬದಿಯ ಸುಪ್ರಿತಾ ಎಂಬ ಹುಡುಗಿಗೆ ಕೊಟ್ಟರು. ಡಿಪ್ಲೊಮಾ ಕೊನೆಯ ವರ್ಷ, ಮಾತು ಕಡಿಮೆ, ಕೈಯಲ್ಲಿ ಯಾವಾಗಲೂ ಒಂದು ನೋಟ್‌ಬುಕ್ಕು.

ಮೇ ತಿಂಗಳ ಒಂದು ಬೆಳಿಗ್ಗೆ ಪರೀಕ್ಷೆ ಇಟ್ಟರು. ಸೇತುವೆಯ ಕಂಬಕ್ಕೆ ಕಟ್ಟಿದ ಪೈಪಿನೊಳಗೆ ನೀರಿನ ಎತ್ತರ ಅಳೆಯುವ ಸೆನ್ಸರ್ ಇತ್ತು. ಪೈಪಿನ ಬುಡ ಮುಚ್ಚಿ ಮೇಲಿನಿಂದ ಜತ್ತಪ್ಪ ಎರಡು ಕೊಡ ನೀರು ಸುರಿದ, ಫೋಟೋಕ್ಕೆ ಹಲ್ಲು ತೋರಿಸಿದ. ಸೈರನ್ ಕೂಗಲಿಲ್ಲ. ಬೋರ್ಡು ಕಪ್ಪಾಗಿ, ಮತ್ತೆ ಬೆಳಗಿ, ಮತ್ತೆ ಕಪ್ಪಾಯಿತು. ಚಿಪ್ಪು ಸಿಕ್ಕಿಕೊಂಡರೆ ತಾನಾಗಿ ಮೊದಲಿನಿಂದ ಶುರುವಾಗುವ ಏರ್ಪಾಡು ಅದರಲ್ಲಿರುತ್ತದೆ. ಹಾಗಾಗಿ ಅದು ಶುರುವಾಗುತ್ತಿತ್ತು, ನೀರನ್ನು ನೋಡುತ್ತಿತ್ತು, ಕೂಗಲು ಹೋಗುತ್ತಿತ್ತು, ಸಾಯುತ್ತಿತ್ತು.

“ಸಂಕಪ್ಪಣ್ಣ, ನೀವು ಒಮ್ಮೆ ನೋಡಿ ಮಾರಾಯ್ರೆ,” ಎಂದ ಜತ್ತಪ್ಪ.

ನನಗೆ ಬೇಕಾದದ್ದೂ ಅದೇ. ಅಲ್ಲೇ ಮೋರಿಯ ಕಟ್ಟೆಯಲ್ಲಿ ಕುಳಿತು ಹುಡುಗಿಯ ಲ್ಯಾಪ್‌ಟಾಪ್ ತೆಗೆಸಿದೆ. ಎರಡು ನಿಮಿಷದಲ್ಲಿ ಗೊತ್ತಾಯಿತು. ಈ ಬೋರ್ಡಿಗೆ ಕನ್ನಡ ಅಕ್ಷರವನ್ನು ಚಿತ್ರವಾಗಿ ಕೊಡಬೇಕು, ಒಂದು ಹೆಸರಿನ ಚಿತ್ರಕ್ಕೆ ನೂರ ಎಂಬತ್ತು ಗುಳಿ. ಸಾಲು ಬದಲಿಸಬೇಕಲ್ಲ ಎಂದು ಅವಳು ಒಂಬತ್ತೂ ಚಿತ್ರಗಳನ್ನು ಅಟ್ಟದಿಂದ ಕೆಳಗಿಳಿಸಿ ಇಸ್ಪೀಟು ಎಲೆಯ ಹಾಗೆ ಕಲಸುತ್ತಿದ್ದಳು. ಅದಕ್ಕೇ ಸಾವಿರದ ಆರುನೂರ ಇಪ್ಪತ್ತು ಹೋಯಿತು. ಬೋರ್ಡಿಗೆ ಮತ್ತು ಫೋನಿನ ಭಾಗಕ್ಕೆ ಮುನ್ನೂರು ಬೇಕೇ ಬೇಕು. ಉಳಿದದ್ದು ನೂರ ಇಪ್ಪತ್ತೆಂಟು. ಸಂದೇಶ ಕಟ್ಟಿ ಕಳಿಸುವ ಗಳಿಗೆಯಲ್ಲಿ ನೂರ ಅರುವತ್ತು ಬೇಕು.

“ಮನೆಯಲ್ಲಿ ನೋಡುವಾಗ ಸರಿ ಇತ್ತು ಮಾವ,” ಎಂದಳು ಸುಪ್ರಿತಾ. “ಆಗ ನಾಲ್ಕೇ ಹೆಸರು ಇದ್ದದ್ದು.”

“ಮನೆಯಲ್ಲಿ ಹೊಳೆಯೂ ಇರ್ಲಿಲ್ಲ,” ಎಂದೆ. “ಒಂಬತ್ತು ಜನರನ್ನು ಯಾಕೆ ಕೆಳಗೆ ಇಳಿಸಿದ್ದು? ಹೆಸರು ಅಟ್ಟದಲ್ಲೇ ಇರ್ಲಿ. ಒಂದರಿಂದ ಒಂಬತ್ತು ಅಂತ ನಂಬ್ರ ಮಾತ್ರ ಕೆಳಗೆ ಇಟ್ಟು ಅದನ್ನು ಕಲಸಿದ್ರೆ ಸಾಕಾಗುದಿಲ್ವಾ? ಒಂಬತ್ತು ಗುಳಿಯ ಕೆಲಸಕ್ಕೆ ಸಾವಿರದ ಆರುನೂರು. ಎಂತ ಕಲಿಸುದು ನಿಮಗೆ ಅಲ್ಲಿ? ಮಣ್ಣಂಗಟ್ಟಿಯಾ?”

ಹದಿನೈದು ಇಪ್ಪತ್ತು ಜನ ಸುತ್ತ ನಿಂತಿದ್ದರು. ಹುಡುಗಿಯ ಕಿವಿ ಕೆಂಪಾಯಿತು. ನಾನು ಅಲ್ಲಿಗೂ ಬಿಡಲಿಲ್ಲ. “ನೂರ ಇಪ್ಪತ್ತೆಂಟು ಗುಳಿ ಉಳಿಸಿ ಮಕ್ಕಳ ಜೀವ ಕಾಯ್ಲಿಕ್ಕೆ ಹೊರಟದ್ದು ಇವಳು,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಜತ್ತಪ್ಪ ಕೂಡ ತಲೆ ಅಲ್ಲಾಡಿಸಿದ. ಗುಳಿ ಎಂದರೆ ಏನೆಂದು ಅವನಿಗೆ ಗೊತ್ತೇ ಇರಲಿಲ್ಲ.

ಯಂತ್ರವನ್ನು ಅಂಗಡಿಗೆ ತಂದೆ. ವಾರದೊಳಗೆ ಹೊಸ ಪ್ರೋಗ್ರಾಂ ಬರೆದೆ. ಹೆಸರುಗಳೆಲ್ಲ ಅಟ್ಟಕ್ಕೆ ಹೋದವು. ಬಿಡುವಾದ ಜಾಗದಲ್ಲಿ ನಿಜವಾದ ಕೆಲಸ ಮಾಡಿದೆ: ಐದು ಸೆಕೆಂಡಿಗೊಮ್ಮೆ ನೀರು ಅಳೆದು ಕಳೆದ ಒಂದು ಗಂಟೆಯ ಲೆಕ್ಕವನ್ನು ಗುಳಿಗಳಲ್ಲಿ ಇಟ್ಟುಕೊಳ್ಳುವುದು. ಘಟ್ಟದ ನೀರು ಎಷ್ಟು ಎತ್ತರ ಬಂತು ಎನ್ನುವುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಎಂದು ನೋಡಬೇಕು, ಹಾಗಾದರೆ ಅದು ಸೇತುವೆ ಮುಟ್ಟುವ ಮೊದಲೇ ಕೂಗಬಹುದು. ಒಂದು ಅಳತೆಗೆ ಎರಡು ಗುಳಿಯಂತೆ ಅದಕ್ಕೆ ಸಾವಿರದ ನಾಲ್ಕುನೂರ ನಲ್ವತ್ತು ಗುಳಿ. ಎಲ್ಲ ಕಳೆದು ಮುನ್ನೂರರಷ್ಟು ಉಳಿಯಿತು. ಮತ್ತೆ ಪೈಪಿಗೆ ನೀರು ಸುರಿದೆವು. ಮಮ್ಮುವಿನ ಫೋನು ಗುಂಯ್ ಎಂದಿತು, ಸೈರನ್ ಕೂಗಿತು, ಆಚೆ ಗುಡ್ಡದ ನಾಯಿಗಳೆಲ್ಲ ಬೊಗಳಿದವು. ಜನ ಚಪ್ಪಾಳೆ ತಟ್ಟಿದರು. ಜತ್ತಪ್ಪ ಮೈಕಿನಲ್ಲಿ ಒಂಬತ್ತು ದಾನಿಗಳಿಗೆ ಕೃತಜ್ಞತೆ ಹೇಳಿದ. ನನ್ನ ಹೆಸರು ಹೇಳಲಿಲ್ಲ. ಮರೆತನಂತೆ.

ಮರೆಯಲಿ, ನನಗೇನು? ಹಾಗೆಂದು ಅಂಗಡಿಗೆ ಬಂದು ಕುಳಿತೆ. ಆದರೆ ಬಂದವರಿಗೆಲ್ಲ ಅದನ್ನೇ ಹೇಳಿದೆ. ಒಂದು ಗುಳಿಯ ಕೆಲಸವೂ ಗೊತ್ತಿಲ್ಲದವರ ಹೆಸರು ಕಂಬದ ಮೇಲೆ, ಕೆಲಸ ಮಾಡಿದವನದು ಎಲ್ಲಿಯೂ ಇಲ್ಲ. ಮರುದಿನ ಲ್ಯಾಪ್‌ಟಾಪ್ ತೆರೆದು ಇನ್ನೊಂದು ಚಿತ್ರ ಮಾಡಿದೆ: ‘ರಚನೆ: ಸಂಕಪ್ಪ, ಪಂಜ’. ದಾನಿಗಳ ಹೆಸರು ಸುಮ್ಮನೆ ಬಂದು ಹೋಗುತ್ತದೆ, ನನ್ನದು ಹಾಗೆ ಬಂದರೆ ಏನು ಚಂದ? ಅಕ್ಷರಗಳು ಅಲೆಯ ಹಾಗೆ ಏಳಬೇಕು, ಬೀಳಬೇಕು. ಅಟ್ಟದಲ್ಲಿಟ್ಟ ಚಿತ್ರ ಕುಣಿಯುವುದಿಲ್ಲ. ಕುಣಿಸಬೇಕಾದರೆ ಕೆಳಗಿಳಿಸಿ ಗುಳಿಗಳಲ್ಲೇ ಇಟ್ಟುಕೊಳ್ಳಬೇಕು. ಅದಕ್ಕೆ ಇನ್ನೂರು ಗುಳಿ. ಉಳಿಯುವುದು ನೂರು. ನೂರು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಬೋರ್ಡು ಶುರುವಾಗುವಾಗ ಎಲ್ಲರಿಗಿಂತ ಮೊದಲು ಎಂಟು ಸೆಕೆಂಡು, ಆಮೇಲೆ ಹತ್ತು ನಿಮಿಷಕ್ಕೊಮ್ಮೆ, ನನ್ನ ಹೆಸರು ಕುಣಿಯುವ ಹಾಗೆ ಮಾಡಿದೆ. ಕಂಬ ಹತ್ತಿ ಅದನ್ನು ತುಂಬಿಸಿ ಇಳಿದೆ. ಪೈಪಿಗೆ ಮತ್ತೆ ನೀರು ಸುರಿದು ನೋಡಲಿಲ್ಲ. ಕೆಲಸ ಹೇಗೂ ನೋಡಿ ಆಗಿತ್ತಲ್ಲ, ಸೇರಿಸಿದ್ದು ಬರೀ ಒಂದು ಹೆಸರು.

ನಾನು ಇಳಿಯುವಾಗ ಸುಪ್ರಿತಾ ಕೆಳಗೆ ನಿಂತಿದ್ದಳು. ಬಸ್ಸಿಳಿದು ಮನೆಗೆ ಹೋಗುವ ದಾರಿ ಅದೇ.

“ಹೊಸತು ಎಂತ ಹಾಕಿದ್ದು ಮಾವ?”

“ನಿನಗೆ ಅರ್ಥ ಆಗುವಂಥದ್ದಲ್ಲ.”

ಅವಳು ಬೋರ್ಡನ್ನು ನೋಡಿದಳು. ನನ್ನ ಹೆಸರು ಎದ್ದು ಬಿದ್ದು ಹೋಯಿತು. “ಇದು ಹಾಕಿದ ಮೇಲೆ ಒಮ್ಮೆ ನೀರು ಹಾಕಿ ನೋಡಿದ್ದೀರಾ?” ಎಂದು ಮೆಲ್ಲಗೆ ಕೇಳಿದಳು.

“ನೀನು ನನಗೆ ಹೇಳಿ ಕೊಡುದು ಬೇಡ. ಮೊದಲು ನಿನ್ನ ನೂರ ಇಪ್ಪತ್ತೆಂಟು ಎಣಿಸ್ಲಿಕ್ಕೆ ಕಲಿ.”

“ಆಯ್ತು,” ಎಂದಳು. “ನಾನು ದಿನಾ ಸಂಜೆ ಇಲ್ಲೇ ಹೋಗುದಲ್ವಾ, ಜೀಪು ದಾಟುವವರೆಗೆ ನಿಂತು ನೋಡ್ತೇನೆ.”

ನಿಂತು ನೋಡು, ಕಂಬಕ್ಕೆ ಇನ್ನೊಂದು ಕಂಬ ಎಂದು ನಕ್ಕೆ. ಅದನ್ನು ಅಂಗಡಿಯಲ್ಲಿ ಬಂದವರಿಗೆಲ್ಲ ಹೇಳಿ ಮತ್ತೆ ಮತ್ತೆ ನಕ್ಕೆ. ಜೂನ್ ತಿಂಗಳಿಡೀ ಅವಳು ಕೊಡೆ ಹಿಡಿದು ಸೇತುವೆ ಬದಿಯಲ್ಲಿ ನಿಂತಿರುತ್ತಿದ್ದಳಂತೆ. ಜೀಪು ದಾಟಿದ ಮೇಲೆ ನೋಟ್‌ಬುಕ್ಕಿನಲ್ಲಿ ನೀರಿನ ಎತ್ತರ ಬರೆದು ಮನೆಗೆ ಹೋಗುತ್ತಿದ್ದಳಂತೆ. ಹೊಳೆ ತನ್ನ ಪಾಡಿಗೆ ಕೆಳಗಿತ್ತು. ಹೆಸರುಗಳು ಮೇಲೆ ಬರುತ್ತಾ ಹೋಗುತ್ತಾ ಇದ್ದವು.

ಜುಲೈ ಎರಡನೇ ವಾರದ ಮಂಗಳವಾರ ಸಂಜೆ ನಾಲ್ಕೂಕಾಲಿಗೆ ನನ್ನ ಫೋನು ಬಡಿಯಿತು. ಸುಪ್ರಿತಾ. ಹಿಂದಿನಿಂದ ನೀರಿನ ಸದ್ದು ಎಷ್ಟಿತ್ತೆಂದರೆ ಮಾತು ಅರ್ಧ ಮಾತ್ರ ಕೇಳುತ್ತಿತ್ತು.

“ಮಾವ, ನೀರು ಬಂತು. ಸೇತುವೆ ಮೇಲೆ ಮೊಣಕಾಲಿನಷ್ಟು ಉಂಟು. ಸೈರನ್ ಕೂಗ್ಲಿಲ್ಲ. ಬೋರ್ಡು ಆಫ್ ಆಗುದು, ಆನ್ ಆಗುದು, ಆಫ್ ಆಗುದು. ಅವತ್ತು ನನ್ನದು ಆದ ಹಾಗೆಯೇ.”

“ಜೀಪು?” ಎಂದೆ.

“ನಿಲ್ಲಿಸಿದ್ದೇನೆ. ಈಚೆ ಬದಿಯಲ್ಲೇ ಉಂಟು. ಮಕ್ಕಳಿಗೆ ಎಂತದೂ ಆಗ್ಲಿಲ್ಲ.”

ಆಮೇಲೆ ಅವಳು ಏನು ಹೇಳಿದಳೋ ತಿಳಿಯದು. ಎದುರಿಗೆ ಗೋಡೆಯಲ್ಲಿ ನಾನೇ ಬರೆದು ಅಂಟಿಸಿದ ಲೆಕ್ಕದ ಕಾಗದ ಇತ್ತು. ಅವಳು ಉಳಿಸಿದ್ದು ನೂರ ಇಪ್ಪತ್ತೆಂಟು. ನಾನು ಉಳಿಸಿದ್ದು ನೂರು. ಸಂದೇಶಕ್ಕೆ ಬೇಕಾದದ್ದು ಅವತ್ತೂ ನೂರ ಅರುವತ್ತು, ಇವತ್ತೂ ನೂರ ಅರುವತ್ತು. ಒಂದನೇ ಕ್ಲಾಸಿನ ಕಳೆಯುವ ಲೆಕ್ಕ ಅದು, ಇಪ್ಪತ್ತು ಜನರ ಎದುರು ಹುಡುಗಿಗೆ ಬೈದು ಹೇಳಿಕೊಟ್ಟ ಲೆಕ್ಕ. ಗೊತ್ತಿಲ್ಲದೆ ಅವಳು ತಪ್ಪಿದಳು, ಎಲ್ಲ ಗೊತ್ತಿದ್ದೂ ನಾನು ತಪ್ಪಿದೆ. ಇದನ್ನು ಬೇರೆ ಯಾರಾದರೂ ಮಾಡಿದ್ದರೆ ನಾನು ಅವನನ್ನು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ.

ಸುತ್ತು ದಾರಿಯಿಂದ ಮಮ್ಮು ಮಕ್ಕಳನ್ನು ಮನೆ ಮನೆಗೆ ಮುಟ್ಟಿಸಿದ. ತನ್ಮಯೀಯನ್ನು ಇಳಿಸುವಾಗ, ಅಂಗಡಿ ಮುಚ್ಚಿ ಮನೆಗೆ ಬಂದಿದ್ದ ನಾನು ಗೇಟಿನಲ್ಲೇ ನಿಂತಿದ್ದೆ.

“ಮೆಸೇಜೂ ಬರ್ಲಿಲ್ಲ, ಸೈರನ್ನೂ ಇಲ್ಲ ಸಂಕಪ್ಪಣ್ಣ,” ಎಂದ. “ಆ ತಿರುವಿನಿಂದ ನೀರು ಕಾಣುದಿಲ್ಲ, ಬೋರ್ಡು ಮಾತ್ರ ಕಾಣುದು. ನಾನು ಜೀಪನ್ನು ನೀರಿಗೆ ಇಳಿಸಿಯೇ ಬಿಡ್ತಿದ್ದೆ. ಆ ಹುಡುಗಿ ರಸ್ತೆಗೆ ಅಡ್ಡ ಬಂದು ಕೊಡೆಯನ್ನು ಬೋನೆಟ್ಟಿಗೆ ಹೊಡೆದಳು. ಇಲ್ಲದಿದ್ರೆ…” ಅವನು ಜೀಪನ್ನು ರಿವರ್ಸಿಗೆ ಹಾಕಿದ.

ಅವನು ಹೋದ ಕೂಡಲೇ ಜತ್ತಪ್ಪನ ಫೋನು. “ಕೇಳಿದ್ರಾ ಸಂಕಪ್ಪಣ್ಣ? ಎಲ್ಲ ಆ ಹುಡುಗಿಯ ಎಡವಟ್ಟು. ಅವಳು ಮೊದಲು ಹಾಳು ಮಾಡಿದ್ದೇ ಇನ್ನೂ ಒಳಗೆ ಎಲ್ಲಿಯೋ ಉಂಟು ಅಂತ ಕಾಣ್ತದೆ. ಅವಳ ಕಾಲೇಜಿಗೆ ಒಂದು ಕಂಪ್ಲೇಂಟ್ ಬರೆಯುವ ಅಂತ ಸಮಿತಿಯವರು ಹೇಳುದು. ನೀವು ಒಂದು ಸೈನ್ ಹಾಕಿದ್ರೆ ಸಾಕು, ನಿಮಗೆ ಗೊತ್ತುಂಟಲ್ಲ ಅದರ ಬಗ್ಗೆ.”

ನೋಡಿ, ಬಚಾವಾಗಲು ಬಾಗಿಲು ಎಷ್ಟು ಅಗಲಕ್ಕೆ ತೆರೆದಿತ್ತು. ಊರಲ್ಲಿ ಗುಳಿಯ ಲೆಕ್ಕ ತಿಳಿದವರು ಇಬ್ಬರೇ, ನಾನು ಮತ್ತು ಅವಳು. ಅವಳು ಹೇಳಿದರೆ ನಂಬುವವರಿರಲಿಲ್ಲ. ಅಷ್ಟು ಚಂದವಾಗಿ ಅವಳ ಮರ್ಯಾದೆ ತೆಗೆದಿದ್ದೆ ನಾನು. ಆದರೂ ನಾಚಿಕೆಯಿಲ್ಲದೆ, “ಸ್ವಲ್ಪ ನಿಲ್ಲಿ, ಆಮೇಲೆ ಫೋನ್ ಮಾಡ್ತೇನೆ,” ಎಂದೆ. ಇಲ್ಲ ಎನ್ನಲಿಲ್ಲ. ಅದನ್ನು ಇಲ್ಲಿ ಬರೆದಿಡುತ್ತೇನೆ.

ಒಳಗೆ ತನ್ಮಯೀ ಜಗಲಿಯಲ್ಲಿ ಕುಳಿತು ಅವಲಕ್ಕಿ ತಿನ್ನುತ್ತಿದ್ದಳು. ಒದ್ದೆ ಸಾಕ್ಸ್ ಇನ್ನೂ ಕಾಲಲ್ಲೇ ಇತ್ತು. ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು.

“ಅಜ್ಜ, ಇವತ್ತು ಬೋರ್ಡಲ್ಲಿ ಬರೀ ನಿಮ್ಮದೇ ಹೆಸರು. ಬೇರೆ ಯಾರದ್ದೂ ಬರ್ಲೇ ಇಲ್ಲ. ನಿಮ್ಮದೇ ಬರುದು, ಕುಣಿಯುದು, ಹೋಗುದು, ಮತ್ತೆ ಬರುದು.”

ಹೌದು, ಹಾಗೇ ಆಗಬೇಕು. ಚಿಪ್ಪು ಸತ್ತು ಸತ್ತು ಹುಟ್ಟುವಾಗೆಲ್ಲ ಮೊದಲ ಎಂಟು ಸೆಕೆಂಡು ನನ್ನದು.

“ನಾನು ಎಲ್ಲರಿಗೂ ತೋರಿಸಿದೆ, ನಮ್ಮ ಅಜ್ಜನ ಹೆಸರು ಅಂತ. ಎಲ್ಲ ಚಪ್ಪಾಳೆ ಹೊಡೆದ್ರು. ಮಮ್ಮು ಅಂಕಲ್ ತಿರುವಿನಲ್ಲಿ ಸ್ಲೋ ಮಾಡಿದ್ರಜ್ಜ, ಇಳಿದು ಹೋಗಿ ನೀರು ಉಂಟಾ ಅಂತ ನೋಡ್ಲಿಕ್ಕೆ. ಆಗ ನಾವೆಲ್ಲ ಬೇಗ ಹೋಗಿ ಅಂಕಲ್, ಬೇಗ ಹೋಗಿ, ಹತ್ತಿರದಿಂದ ನೋಡುವ ಅಂತ ಬೊಬ್ಬೆ ಹೊಡೆದೆವು. ಅವರು ನಗಾಡಿಕೊಂಡು ಬಿಟ್ರು. ಅಷ್ಟರಲ್ಲಿ ಆ ಅಕ್ಕ ಅಡ್ಡ ಬಂದಳು. ಇಲ್ಲದಿದ್ರೆ ಕಂಬದ ಹತ್ತಿರವೇ ಹೋಗ್ಲಿಕ್ಕೆ ಆಗ್ತಿತ್ತು.”

ಅವಳಿಗೆ ಆ ಅಕ್ಕನ ಮೇಲೆ ಸ್ವಲ್ಪ ಬೇಸರ ಇತ್ತು. ನಾನು ಅವಳ ಕಾಲ ಬಳಿ ಕುಳಿತು ಒದ್ದೆ ಸಾಕ್ಸ್ ಬಿಚ್ಚಿದೆ. ಎರಡನ್ನೂ ಹಿಂಡಿ ಜಗಲಿಯ ಅಂಚಿನಲ್ಲಿ ಒಣಗಲು ಹಾಕಿದೆ.

ಆಮೇಲೆ ಅಲ್ಲಿಂದಲೇ ಜತ್ತಪ್ಪನಿಗೆ ಫೋನು ಮಾಡಿದೆ. ಹುಡುಗಿಯದು ತಪ್ಪಿಲ್ಲ, ಪರೀಕ್ಷೆ ಆದ ಮೇಲೆ ನಾನು ನನ್ನ ಹೆಸರನ್ನು ಸೇರಿಸಿದ್ದು, ಅದಕ್ಕೆ ಜಾಗ ಹೋಗಿ ಯಂತ್ರ ಸತ್ತದ್ದು ಎಂದು ಹೇಳಿದೆ. ಕಂಪ್ಲೇಂಟ್ ಬರೆಯುವುದಿದ್ದರೆ ನನ್ನ ಮೇಲೆ ಬರೆಯಲಿ, ನಾನೇ ಸೈನ್ ಹಾಕುತ್ತೇನೆ ಎಂದೆ. ನಾಳೆ ಬೆಳಿಗ್ಗೆ ಯಂತ್ರ ಸರಿ ಮಾಡುವವಳು ಸುಪ್ರಿತಾ, ನಾನು ಕೆಳಗೆ ಏಣಿ ಹಿಡಿಯುತ್ತೇನೆ, ಅವಳು ಒಪ್ಪಿದರೆ ಎಂದೂ ಹೇಳಿದೆ. ಬೈಯಲಿ ಎಂದು ಕಾದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ಹಾಗಾದ್ರೆ ಸಂಕಪ್ಪಣ್ಣ,” ಎಂದ ಜತ್ತಪ್ಪ ಕೊನೆಗೆ, “ನಿಮ್ಮ ಹೆಸರು ತೆಗೆದ್ರೆ ಆ ಜಾಗ ಖಾಲಿ ಆಗ್ತದಲ್ಲ? ಅಲ್ಲಿ ನಮ್ಮ ಅಮ್ಮನ ಹೆಸರು ಸ್ವಲ್ಪ ಹಾಗೆಯೇ ಕುಣಿಸ್ಲಿಕ್ಕೆ ಆಗುದಾ?”

ಇಂಥವನಿಗೆ ಹೇಳಲೆಂದು ನನ್ನ ಬಳಿ ನಲ್ವತ್ತು ವರ್ಷದ ಬೈಗುಳ ಸಾಲಾಗಿ ಇತ್ತು. ತನ್ಮಯೀ ಅವಲಕ್ಕಿಯ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು.

“ಆಗುದಿಲ್ಲ ಜತ್ತಪ್ಪಣ್ಣ,” ಎಂದೆ. “ನಾನು ಕುಣಿಸಿ ನೋಡಿದ್ದೇನೆ.”